ಬಂಡೆ ಎರಡು ಸಲ ಬಿದ್ದಿತ್ತು

ನನ್ನ ತಮ್ಮ ಮಾದೇಶನ ಕಾಲಿನ ಮೇಲೆ ಬಂಡೆ ಎರಡು ಸಲ ಬಿತ್ತು. ಒಂದೇ ಸಲ ಬಿತ್ತೆಂದು ನಾನು ಎಲ್ಲರಿಗೂ ಹೇಳಿದೆ. ಎರಡನೆಯದನ್ನು ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಹೇಳಲಿಲ್ಲ, ಕ್ವಾರಿಯ ಮಾಲೀಕರಿಗೆ ಹೇಳಲಿಲ್ಲ, ಕಾಲು ಕಳೆದುಕೊಂಡ ಅವನಿಗೂ ಹೇಳಲಿಲ್ಲ. ಎರಡು ಸಲವೂ ಕ್ರೇನಿನ ಸೀಟಿನಲ್ಲಿ ಕೂತಿದ್ದವನು ನಾನು.

ಕೊರೊನಾ ಕಳೆದು ಕೆಲಸಗಳು ಮತ್ತೆ ಶುರುವಾಗಿದ್ದ ಕಾಲ. ಕನಕಪುರ ತಾಲ್ಲೂಕಿನಲ್ಲಿ, ಸಾತನೂರಿನಿಂದ ಒಳಗೆ ಹೋಗುವ ಒಂದು ಗ್ರಾನೈಟ್ ಕ್ವಾರಿಯಲ್ಲಿ ನಾನು ಕ್ರೇನ್ ಆಪರೇಟರ್ ಆಗಿದ್ದೆ. ಊರು ಅಲ್ಲೇ ಹತ್ತಿರ. ಮನೆಯಲ್ಲಿ ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಎರಡು ಹಸು ಇದ್ದವು. ಆ ಬೇಸಾಯಕ್ಕೆ ಹೆಂಗಸರೇ ಸಾಕಾಗುತ್ತಿದ್ದರು, ಗಂಡಸರು ಕಲ್ಲಿಗೆ ಹೋಗುತ್ತಿದ್ದೆವು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕ್ರೇನ್ ನಡೆಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತೆ. ಮಾದೇಶ ನನಗಿಂತ ಚಿಕ್ಕವನು, ಕಲ್ಲಿನ ವಿಷಯದಲ್ಲಿ ನನಗಿಂತ ಚುರುಕು.

ನಮ್ಮದು ಜಲ್ಲಿ ಒಡೆಯುವ ಕ್ವಾರಿ ಅಲ್ಲ. ಬೆಟ್ಟದಿಂದ ಬಂಡೆಯನ್ನು ಚೌಕವಾಗಿ ಕೊಯ್ದು, ಬಿರುಕಿಲ್ಲದ ದಿಮ್ಮಿ ಮಾಡಿ ಲಾರಿಗೆ ಹೇರುವ ಕೆಲಸ. ಕೊಯ್ದ ದಿಮ್ಮಿಯನ್ನು ಕ್ರೇನಿನಿಂದ ಮಗುಚಿ ಇನ್ನೊಂದು ಮುಖವನ್ನು ಮೇಲೆ ಮಾಡಬೇಕು. ಇದಕ್ಕೆ ಒಂದು ಕ್ರಮ ಉಂಟು. ದಿಮ್ಮಿಗೆ ಚೈನ್ ಸುತ್ತುತ್ತಾರೆ. ಕ್ರೇನ್ ಒಂದು ಅಂಚನ್ನು ಎತ್ತುತ್ತದೆ. ಎದ್ದ ಅಂಚಿನಡಿ ಒಬ್ಬ ಹಾರೆ ಕೊಟ್ಟು ಹಿಡಿಯುತ್ತಾನೆ. ಇನ್ನೊಬ್ಬ ಬಗ್ಗಿ ಅಡಿಗೆ ಸಣ್ಣ ಕಲ್ಲುಗಳನ್ನು ಇಡುತ್ತಾನೆ. ಅದಕ್ಕೆ ಒತ್ತು ಕೊಡುವುದು ಎನ್ನುತ್ತೇವೆ. ಒತ್ತು ಇಲ್ಲದಿದ್ದರೆ ದಿಮ್ಮಿ ನೆಲಕ್ಕೆ ಅಂಟಿ ಕೂತು ಚೈನ್ ಒಳಗೇ ಸಿಕ್ಕಿಕೊಳ್ಳುತ್ತದೆ. ಕಂಪ್ರೆಸರ್ ಮತ್ತು ಜಾಕ್‌ಹ್ಯಾಮರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಎಲ್ಲವೂ ಕೈಸನ್ನೆಯಲ್ಲಿ ನಡೆಯಬೇಕು. ಕ್ರೇನಿನ ಮೇಲೆ ಕೂತವನಿಗೆ ದಿಮ್ಮಿಯ ಆಚೆ ಬದಿ ಕಾಣುವುದಿಲ್ಲ. ಅವನ ಕಣ್ಣೆಂದರೆ ಕೆಳಗೆ ನಿಂತು ಸನ್ನೆ ಕೊಡುವವನ ಕೈ. ನಮ್ಮಲ್ಲಿ ಆ ಕೈ ಮಾದೇಶನದು.

ನಮ್ಮ ಮೇಸ್ತ್ರಿ ಪೆರುಮಾಳ್ ಎಂಬವರು, ಕೃಷ್ಣಗಿರಿ ಕಡೆಯವರು. ಹಿಂದೆ ಬೇರೊಂದು ಕ್ವಾರಿಯಲ್ಲಿ ಅವರ ಜೊತೆಗಾರನೊಬ್ಬ ಎರಡು ದಿಮ್ಮಿಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿದ್ದನಂತೆ. ಅವನ ಮೈಯನ್ನು ಸಲಿಕೆಯಲ್ಲಿ ಎತ್ತಿದೆವು ಎಂದು ಒಂದೇ ಒಂದು ಸಲ ಹೇಳಿದ್ದರು. ಅದಾದ ಮೇಲೆ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆಳಿಗ್ಗೆ ಟೀ ಕುಡಿಯುವಾಗ ಪ್ರತಿಯೊಬ್ಬನೂ ಪಕ್ಕದವನ ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ತನ್ನದನ್ನಲ್ಲ.

"ನಿನ್ ಕೆಲ್ಸ ನಿನಗೆ ಗೊತ್ತು ತಂಬಿ, ಅದು ಯಾರಿಗೆ ಬೇಕು," ಎನ್ನುತ್ತಿದ್ದರು. "ಅವನ್ ಕೆಲ್ಸ ಹೇಳು."

ಬೋರೇಗೌಡ ನಮ್ಮ ಡ್ರಿಲ್ಲರ್. ದಿಮ್ಮಿ ಮಗುಚುವಾಗ ಹಾರೆಯೂ ಅವನದೇ ಆಗಿತ್ತು. ಅವನು ಮಾದೇಶನ ಕೆಲಸ ಹೇಳುತ್ತಿದ್ದ.

"ಇವ್ನು ಚೈನ್ ಸುತ್ತಿ ಹಿಂದಕ್ಕೆ ಬತ್ತಾನೆ. ಕೈ ತೋರುಸ್ತಾನೆ. ಕಲ್ಲು ಎದ್ದ ಮ್ಯಾಲೆ ಒತ್ತು ಕೊಡಾಕೆ ಬಗ್ತಾನೆ. ಅವ್ನು ಎದ್ದು ನಿಂತ್ಕಳೋಗಂಟ ನಾನು ಹಾರೆ ತಗಿಯಂಗಿಲ್ಲ."

"ಕೆಟ್ಟೋದ್ರೆ?" ಎಂದು ಮೇಸ್ತ್ರಿ ಕೇಳುತ್ತಿದ್ದರು. ಈ ಪ್ರಶ್ನೆಗೆ ಉತ್ತರ ಬರದೆ ಅವರು ಯಾರನ್ನೂ ಮೇಲೇಳಲು ಬಿಡುತ್ತಿರಲಿಲ್ಲ.

"ಕೆಟ್ಟೋದ್ರೆ ಎರಡ್ನೇ ಕೈ ನಂದು. ಮಿಕ್ಕಿದೋರ ಕೈ ಜೇಬೊಳೀಕೆ."

ಅಂದರೆ ಸನ್ನೆ ಕೊಡುವವನಿಗೇ ಏನಾದರೂ ಆದರೆ ಕ್ರೇನಿನವನು ಯಾರ ಕೈ ನೋಡಬೇಕು ಎಂಬುದನ್ನು ಬೆಳಿಗ್ಗೆಯೇ ಗೊತ್ತು ಮಾಡಿಕೊಳ್ಳುತ್ತಿದ್ದೆವು. ನನಗೆ ಇದೆಲ್ಲ ಮಕ್ಕಳ ಪಾಠದಂತೆ ಕಾಣುತ್ತಿತ್ತು. ಆದರೂ ಮೇಸ್ತ್ರಿ ಇರುವವರೆಗೆ ಹೇಳಿದೆ.

ಕಲ್ಲಿನ ದೂಳು ಎದೆಗೆ ಕೂತು ಪೆರುಮಾಳ್ ಮೇಸ್ತ್ರಿ ಊರಿಗೆ ಹೊರಟುಹೋದರು. ಮಾದೇಶನನ್ನು ಮೇಸ್ತ್ರಿ ಮಾಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಮಾಲೀಕರು ದೊಡ್ಡವನೆಂದು ನನ್ನನ್ನು ಮಾಡಿದರು. ಕ್ರೇನೂ ನನ್ನದೇ, ಮೇಸ್ತ್ರಿಕೆಯೂ ನನ್ನದೇ ಆಯಿತು.

ಹೊಸದರಲ್ಲಿ ಒಂದು ಬೆಳಿಗ್ಗೆ ಮಾದೇಶನ ಕೆಲಸ ಹೇಳುವ ಸರದಿ ನನಗೆ ಬಂತು. ಹೇಳುತ್ತ ಹೋದವನು ಒತ್ತು ಕೊಡುವುದನ್ನು ಮರೆತೆ. ಮಾದೇಶ ನಕ್ಕ.

"ಮೇಸ್ತ್ರಿಗಳು ನನ್ನ ಕೆಲ್ಸದಾಗೆ ಅರ್ಧ ನುಂಗಾಕ್ಬುಟ್ರು. ಮ್ಯಾಲೆ ಕೂತ್ಕಂಡು ಮೋಡ ನೋಡ್ತಿರ್ತೀಯೇನಣ್ಣ?"

ಎಲ್ಲರೂ ನಕ್ಕರು. ಟೀ ಲೋಟ ನನ್ನ ಕೈಯಲ್ಲೇ ಇತ್ತು. ಅದನ್ನು ಅವನ ಮುಖಕ್ಕೆ ಬೀಸಿದೆ. ತುಟಿ ಸೀಳಿತು. ಅವನು ತಲೆ ಬಗ್ಗಿಸಿ ನನ್ನ ಹೊಟ್ಟೆಗೆ ಗುದ್ದಿದ. ಇಬ್ಬರೂ ಕಲ್ಲುಪುಡಿಯಲ್ಲಿ ಹೊರಳಾಡಿದೆವು. ನಾನು ಅವನ ಕಿವಿ ಹಿಡಿದು ತಲೆಯನ್ನು ನೆಲಕ್ಕೆ ಜಪ್ಪಿದ್ದು ನೆನಪಿದೆ. ಬೋರೇಗೌಡ ನಮ್ಮಿಬ್ಬರನ್ನೂ ಎಳೆದು ಬಿಡಿಸಿದ. ಎದ್ದು ನಿಂತು ಬಾಯಲ್ಲಿದ್ದ ಮಣ್ಣು ಉಗಿದು ನಾನು ಹೇಳಿದೆ:

"ನಾಳಿಂದ ಈ ನಾಟ್ಕ ಬ್ಯಾಡ. ಟೀ ಕುಡೀರಿ, ಕೆಲ್ಸ ಹಿಡೀರಿ. ಅಷ್ಟೇ."

"ಅಣ್ಣ, ನಂಗೆ ಎಷ್ಟು ಬೇಕಾದ್ರೂ ಹೊಡಿ," ಎಂದ ಮಾದೇಶ ತುಟಿ ಒರೆಸಿಕೊಳ್ಳುತ್ತ. "ಅದ್ನ ಮಾತ್ರ ನಿಲ್ಲುಸ್‌ಬ್ಯಾಡ."

ನಿಲ್ಲಿಸಿದೆ.

ಮುಂದಿನ ಹಲವು ತಿಂಗಳು ಏನೂ ಕೆಡಲಿಲ್ಲ. ನನ್ನನ್ನು ಮೋಸಗೊಳಿಸಿದ್ದು ಇದೇ. ವರ್ಷಗಟ್ಟಲೆ ಹೇಳಿ ಹೇಳಿ ನಮ್ಮ ಮೈಗೆ ಹತ್ತಿದ್ದ ಅಭ್ಯಾಸದಿಂದ ಕೆಲಸ ನಡೆಯುತ್ತಿತ್ತು. ಟೀ ಹೊತ್ತಿನಲ್ಲಿ ಉಳಿದ ಸಮಯದಲ್ಲಿ ದಿಮ್ಮಿ ಹೆಚ್ಚು ಹೊರಟಿತು, ಮಾಲೀಕರು ಬೆನ್ನು ತಟ್ಟಿದರು. ಅಷ್ಟರಲ್ಲಿ ಬೋರೇಗೌಡನಿಗೆ ಡ್ರಿಲ್ಲಿಂಗೇ ಹೆಚ್ಚಾಗಿ, ಹಾರೆ ಹಿಡಿಯಲು ಮಾಗಡಿ ಕಡೆಯ ಲೋಕೇಶ ಎಂಬವನು ಬಂದ. ಕ್ರಷರಿನಲ್ಲಿ ದುಡಿದವನು, ಗಟ್ಟಿ ಆಳು. ಏನು ಮಾಡಬೇಕೆಂದು ಅವನು ಕೇಳಿದಾಗ ನಾನು "ನೋಡಿ ಕಲ್ತ್ಕೊ" ಎಂದೆ. ಅವನು ನೋಡಿ ಕಲಿತ. ಆದರೆ ಹಾರೆ ಹಿಡಿದು ನಿಂತವನಿಗೆ ದಿಮ್ಮಿಯ ಆಚೆ ಬದಿ ಮಾದೇಶ ಬಗ್ಗಿರುವುದು ಕಾಣುವುದಿಲ್ಲ. ಅದು ಕೇಳಿ ತಿಳಿಯಬೇಕಾದ ವಿಷಯ. ಅಲ್ಲಿಯವರೆಗೂ ಅವನು ಹಾರೆ ತೆಗೆಯುವ ಹೊತ್ತಿಗೆ ಮಾದೇಶ ಹೇಗೋ ಎದ್ದಿರುತ್ತಿದ್ದ. ಅದು ಬರೀ ಅದೃಷ್ಟ.

ಅವತ್ತು ಊಟಕ್ಕೆ ಮುಂಚೆ ಒಂದು ದೊಡ್ಡ ದಿಮ್ಮಿ ಮಗುಚುತ್ತಿದ್ದೆವು. ನಾನು ಅಂಚು ಎತ್ತಿದೆ. ಲೋಕೇಶ ಹಾರೆ ಕೊಟ್ಟ. ಅಂಚಿನ ಭಾರ ಹಾರೆಯ ಮೇಲೆ ಕೂರಲೆಂದು ಮಾದೇಶ ಕೈ ಸನ್ನೆ ಮಾಡಿ ಚೈನ್ ಸ್ವಲ್ಪ ಸಡಿಲಿಸಲು ಹೇಳಿ, ಒತ್ತು ಕೊಡಲು ಬಗ್ಗಿದ. ಚೈನ್ ಸಡಿಲವಾದದ್ದನ್ನು ಕಂಡ ಲೋಕೇಶ ಕೆಲಸ ಮುಗಿಯಿತೆಂದು ಹಾರೆ ಎಳೆದ.

ದಿಮ್ಮಿ ಕೂತಿತು. ನನಗೆ ಮೊದಲು ಗೊತ್ತಾದದ್ದು ಮಾದೇಶ ಮೇಲೇಳಲಿಲ್ಲ ಎಂಬುದು.

ಬೋರೇಗೌಡ ಓಡಿಬಂದು ಕಂಪ್ರೆಸರ್ ಆಫ್ ಮಾಡಿದ. ಸದ್ದು ನಿಂತಾಗ ಮಾದೇಶನ ದನಿ ಕೇಳಿತು. ಅವನು ಕಿರುಚುತ್ತಿರಲಿಲ್ಲ.

"ಹೆದರ್‌ಬ್ಯಾಡ್ರಲಾ, ಬೆರಳು ಸಿಕ್ಕವೆ ಅಷ್ಟೆ. ಬೂಟ್ ಹಾಳಾಯ್ತು. ಅಣ್ಣ, ಒಸಿ ಎತ್ತು, ನಿಧಾನ."

ಬಲಪಾದದ ತುದಿ ಮಾತ್ರ ಅಂಚಿನಡಿ ಸಿಕ್ಕಿತ್ತು. ಅಲ್ಲಿಗೇ ನಿಂತಿದ್ದರೆ ಎರಡು ಬೆರಳು ಹೋಗಿರುತ್ತಿದ್ದವು, ಅವನು ನಡೆದುಕೊಂಡು ಮನೆಗೆ ಬರುತ್ತಿದ್ದ.

ನಾನು ಲಿವರ್ ಹಿಡಿದು ಎಂಜಿನ್ ಏರಿಸಿದೆ, ಅದರ ಸದ್ದಿನಲ್ಲಿ ಮಾತೆಲ್ಲ ಮುಳುಗಿತು, ಸನ್ನೆಗಾಗಿ ಕೆಳಗೆ ನೋಡಿದೆ. ಸನ್ನೆ ಕೊಡುವವನೇ ಕಲ್ಲಿನಡಿ ಇದ್ದ. ಎರಡನೇ ಕೈ ಯಾರದೆಂದು ಆ ದಿನ ಯಾರೂ ಹೇಳಿರಲಿಲ್ಲ, ಎಷ್ಟೋ ತಿಂಗಳಿಂದ ಹೇಳಿರಲಿಲ್ಲ. ಬಲಗಡೆ ಬೋರೇಗೌಡ ಹೆಬ್ಬೆರಳು ಮೇಲೆ ಮಾಡಿ ಎತ್ತು, ಎತ್ತು ಎನ್ನುತ್ತಿದ್ದ. ಎಡಗಡೆ ಲೋಕೇಶ ಎರಡೂ ಕೈ ಅಡ್ಡ ಬೀಸಿ ಬೇಡ, ಬೇಡ ಎನ್ನುತ್ತಿದ್ದ. ಲಾರಿಯ ಹತ್ತಿರದಿಂದ ಡ್ರೈವರ್ ಬೇರೆ ಏನೋ ಕೂಗುತ್ತಿದ್ದ. ನಾನು ಬೋರೇಗೌಡನ ಕೈ ನೋಡಿ ಎತ್ತಿದೆ. ಅಂಚು ಎದ್ದಿತು. ಲೋಕೇಶ ಹುಚ್ಚನಂತೆ ಕೈ ಬೀಸುತ್ತ ಕ್ರೇನಿನತ್ತ ಓಡಿಬಂದ. ಅವನನ್ನು ನೋಡಿ ಗಾಬರಿಯಲ್ಲಿ ಫಕ್ಕನೆ ನಿಲ್ಲಿಸಿಬಿಟ್ಟೆ. ದಿಮ್ಮಿ ಜೋಲಿ ಹೊಡೆಯಿತು. ಚೈನ್ ಮೂಲೆಯಿಂದ ಜಾರಿ ಸಿಡಿಯಿತು. ಕಾಲು ಎಳೆದುಕೊಳ್ಳಲು ಹೊರಳಿದ್ದ ಮಾದೇಶನ ಮೊಣಕಾಲ ಕೆಳಗಿನ ಭಾಗದ ಮೇಲೆ ಪೂರ್ತಿ ದಿಮ್ಮಿ ಕೂತಿತು.

ಮೂಳೆ ಮುರಿಯುವ ಸದ್ದು ಕ್ರೇನಿನ ಮೇಲಿದ್ದ ನನಗೂ ಕೇಳಿತು. ಆಮೇಲೆ ಅವನು ಕಿರುಚಿದ. ಹಸಿ ಕಲ್ಲುಪುಡಿ ಕೆಂಪಾಗಿ ಕೆಸರಾಯಿತು. ಅವನು ಎರಡೂ ಕೈಯಿಂದ ದಿಮ್ಮಿಯನ್ನು ಹೊಡೆಯುತ್ತಿದ್ದ, ಉಗುರು ಕಿತ್ತುಬರುವಂತೆ ಪರಚುತ್ತಿದ್ದ. ಸ್ವಲ್ಪ ಹೊತ್ತಿಗೆ ಕೈ ನಿಂತವು, ತಲೆ ಪಕ್ಕಕ್ಕೆ ವಾಲಿತು. ಕೊನೆಗೆ ಬೋರೇಗೌಡ ಜಾಕ್ ತಂದು ಕೊಟ್ಟು ಅವನನ್ನು ಬಿಡಿಸಿದ. ಎಳೆದಾಗ ಕಾಲು ಅವನ ಜೊತೆ ಸರಿಯಾಗಿ ಬರಲಿಲ್ಲ. ಟವೆಲ್ ಬಿಗಿದು ಕಟ್ಟಿ ಮಾಲೀಕರ ಗಾಡಿಯಲ್ಲಿ ಕನಕಪುರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ದರು.

ಗಾಡಿ ಹೊರಟ ಮೇಲೆ ಬೋರೇಗೌಡ ನನ್ನ ಕಾಲರ್ ಹಿಡಿದು ಕ್ರೇನಿನ ಚಕ್ರಕ್ಕೆ ಒತ್ತಿದ. ಹೆಲ್ಮೆಟ್ ತೆಗೆದು ಅದರಲ್ಲೇ ನನ್ನ ಮುಖಕ್ಕೆ ಹೊಡೆದ. ಒಂದು ಹಲ್ಲು ಹೋಯಿತು.

"ನಾನು ಎತ್ತು ಅಂತ ತೋರುಸ್ತಿದ್ರೆ ಯಾಕ್ಲಾ ನಿಲ್ಲುಸ್ದೆ, ಯಾಕ್ಲಾ?"

ಲೋಕೇಶ ಕಲ್ಲಿಗೆ ಒರಗಿ ವಾಂತಿ ಮಾಡುತ್ತಿದ್ದ. "ನಾನು ಬ್ಯಾಡ ಅಂತಿದ್ನಲ್ಲಣ್ಣ, ಯಾಕೆ ಎತ್ತುದ್ರಿ," ಎಂದು ಅಳುತ್ತಿದ್ದ.

ಮೊಣಕಾಲ ಕೆಳಗೆ ಕಾಲು ಕತ್ತರಿಸಿದರು. ಅಧಿಕಾರಿಗಳು ವಿಚಾರಣೆಗೆ ಬಂದಾಗ ನಾನು ಹೇಳಿದ್ದು ಇಷ್ಟು: ಸನ್ನೆ ಕೊಡದೆ, ಹೇಳದೆ ಅವನು ದಿಮ್ಮಿಯಡಿ ಕಾಲಿಟ್ಟ, ದಿಮ್ಮಿ ಬಿತ್ತು. ಬೋರೇಗೌಡ, ಲೋಕೇಶ ಇಬ್ಬರೂ ಹೂಂ ಎಂದರು. ಎತ್ತು ಎಂದ ತನ್ನ ಕೈಯೇ ಕಾಲು ತೆಗೆಯಿತೇನೋ ಎಂಬ ಹೆದರಿಕೆ ಒಬ್ಬನಿಗೆ, ಹಾರೆ ಎಳೆದ ಕೈ ತನ್ನದೆಂಬ ಹೆದರಿಕೆ ಇನ್ನೊಬ್ಬನಿಗೆ. ನಮ್ಮ ತಂಡದವರು ಆ ವರ್ಷ ಒಮ್ಮನಸ್ಸಿನಿಂದ ಮಾಡಿದ ಕೆಲಸವೆಂದರೆ ಈ ಸುಳ್ಳು.

ಇದರ ಪರಿಣಾಮ ನಾನು ಎಣಿಸಿದಂತೆ ಆಗಲಿಲ್ಲ. ಮಾದೇಶ ನನ್ನನ್ನು ಬೈಯುತ್ತಾನೆ, ಸುಳ್ಳು ಎನ್ನುತ್ತಾನೆ, ಆಗ ನೋಡಿಕೊಳ್ಳೋಣ ಎಂದುಕೊಂಡಿದ್ದೆ. ಆ ಹೊತ್ತಿನದು ಅವನಿಗೆ ಏನೂ ನೆನಪಿರಲಿಲ್ಲ. ಬಗ್ಗಿದ್ದು ನೆನಪಿತ್ತು, ಆಸ್ಪತ್ರೆ ನೆನಪಿತ್ತು. ನಡುವಿನದನ್ನು ನನ್ನ ಬಾಯಿಂದ ಕೇಳಿ ಅದೇ ನಿಜವೆಂದು ನಂಬಿದ.

"ಇಷ್ಟು ವರ್ಷ ಒಂದ್ ಸತಿನೂ ಸನ್ನೆ ಕೊಡ್ದೆ ಬಗ್ಗಿರ್ಲಿಲ್ಲ ಕಣಣ್ಣ," ಎನ್ನುತ್ತಿದ್ದ. "ಅವತ್ತು ಯಾಕಂಗ್ ಮಾಡ್ದೆ? ನಂಗೇನಾಗಿತ್ತು?"

ಮನೆಗೆ ಬಂದ ಮೇಲೂ ಅದೇ ಪ್ರಶ್ನೆ. ಅವನ ಹೆಂಡತಿ ಸವಿತ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವಾಗ ಸಹಾಯಕ್ಕೆ ಕರೆದರೂ ಅವನು ಕತ್ತಿ ಮುಟ್ಟುತ್ತಿರಲಿಲ್ಲ, ತನ್ನ ಕೈ ಮೇಲೆ ತನಗೇ ನಂಬಿಕೆ ಇಲ್ಲ ಎನ್ನುತ್ತಿದ್ದ. ಹಟ್ಟಿಯಲ್ಲಿ ಹಸು ಕಟ್ಟಿದ ಮೇಲೆ ಗಂಟು ಸರಿಯಾಗಿದೆಯೇ ನೋಡು ಎಂದು ಮಗಳನ್ನು ಕರೆಯುತ್ತಿದ್ದ. ಒಂದೊಂದು ದಿನ ಸಿಟ್ಟು ಬಂದು ಊರುಗೋಲಿನಿಂದ ಉಳಿದ ಕಾಲಿಗೇ ಹೊಡೆದುಕೊಳ್ಳುತ್ತಿದ್ದ. ಇದನ್ನೆಲ್ಲ ಪಕ್ಕದ ಮನೆಯಲ್ಲಿದ್ದುಕೊಂಡು ನಾನು ನೋಡಿದೆ. ಬೆಳಿಗ್ಗೆ ಎದ್ದು ಕ್ರೇನ್ ನಡೆಸಲು ಹೋದೆ.

ಕೃತಕ ಕಾಲು ಹಾಕಿಸಿಕೊಂಡು ಅವನು ನಡೆಯುವಂತಾದ ಮೇಲೆ ಕನಕಪುರದ ಹತ್ತಿರದ ಇನ್ನೊಂದು ಕ್ವಾರಿಯ ಮಾಲೀಕರು ಮನೆಗೇ ಬಂದರು. ಅವರಲ್ಲಿ ಹೊಸ ಹುಡುಗರು ಜಾಸ್ತಿ, ಸನ್ನೆ ಕಲಿಸುವವರು ಬೇಕಾಗಿತ್ತು. ಭಾರ ಎತ್ತುವುದು ಬೇಡ, ನಿಂತು ಕೈ ತೋರಿಸಿದರೆ ಸಾಕು ಎಂದರು. ಮಾದೇಶನ ಕಣ್ಣಲ್ಲಿ ಒಂದು ಗಳಿಗೆ ಆಸೆ ಬಂದದ್ದನ್ನು ನಾನು ಕಂಡೆ.

ಆಮೇಲೆ ಅವನು ತಲೆ ಆಡಿಸಿದ. "ಬ್ಯಾಡ ಸ್ವಾಮಿ. ನನ್ ಕೈ ನಂಬ್ಕಂಡು ಯಾರ್ದಾರ ಮಗ ಸತ್ತೋದ್ರೆ? ನನ್ ಕಾಲೇ ಕಾಯ್ಕಳಾಕಾಗ್ದೋನು ನಾನು."

ಅವರು ಒಂದು ವಾರ ಯೋಚನೆ ಮಾಡಿ ಎಂದು ಹೇಳಿ ಹೋದರು. ಕಾಲು ಹೋಗಿದ್ದು ಕಲ್ಲಿನಿಂದ. ಆದರೆ ಅವನ ಕೈಯನ್ನು, ಆ ಕಸಬನ್ನು ಕಿತ್ತುಕೊಂಡವನು ನಾನು. ಅದನ್ನು ವಾಪಸ್ ಕೊಡಲು ಒಂದು ವಾರ ಉಳಿದಿತ್ತು.

ಮಾರನೆಯ ಮಧ್ಯಾಹ್ನ ಅವನ ಮನೆಯ ಮುಂದಿನ ಜಗಲಿಗೆ ಹೋದೆ. ಸವಿತ ಸೊಪ್ಪು ಕತ್ತರಿಸುತ್ತಿದ್ದಳು. ಬಂಡೆ ಎರಡು ಸಲ ಬಿತ್ತು ಎಂದೆ. ಮೊದಲಿಂದ ಕೊನೆಯವರೆಗೆ ಹೇಳಿದೆ. ಅವನು ಸನ್ನೆ ಕೊಟ್ಟೇ ಬಗ್ಗಿದ್ದ ಎಂದೂ ಹೇಳಿದೆ. ಹೇಳುವಾಗ ಅವನ ಮುಖ ನೋಡಲಿಲ್ಲ, ಹಾಗಾಗಿ ಊರುಗೋಲು ಬಂದದ್ದು ಕಾಣಲಿಲ್ಲ. ಮೊದಲ ಏಟು ಭುಜಕ್ಕೆ, ಎರಡನೆಯದು ಕಿವಿಯ ಮೇಲೆ ಬಿತ್ತು. ನಾನು ಕೈ ಅಡ್ಡ ಹಿಡಿಯಲಿಲ್ಲ. ಅವನು ಸಮತೋಲ ತಪ್ಪಿ ಬೀಳುವವರೆಗೆ ಹೊಡೆದ. ಎತ್ತಲು ಹೋದರೆ ಕೈ ಕಚ್ಚಿದ. ಸವಿತ ಕತ್ತಿ ಕೆಳಗಿಟ್ಟು ಅವನನ್ನು ಕೂರಿಸಿದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

"ಬೋರನ್ನ ಕರಿ," ಎಂದ ಮಾದೇಶ ಏದುಸಿರು ಬಿಡುತ್ತ. "ಆ ಮಾಗಡಿಯೋನ್ನೂ ಕರಿ. ಮೂರೂ ಜನ ನನ್ ಮುಂದೆ ನಿಂತ್ಕಂಡು ಹೇಳಿ."

ಭಾನುವಾರ ಇಬ್ಬರೂ ಬಂದರು. ಜಗಲಿಯ ಮೇಲೆ ಒಬ್ಬೊಬ್ಬನೂ ತಾನು ಎಲ್ಲಿ ನಿಂತಿದ್ದೆ, ಏನು ಕಂಡೆ ಎಂದು ಹೇಳಿದ. ಬೋರೇಗೌಡನಿಗೆ ಬಲಗಡೆಯಿಂದ ಕಂಡದ್ದು ಬೂಟು ಅಂಚಿನಿಂದ ಹೊರಗೆ ಬರುತ್ತಿದ್ದದ್ದು. ಇನ್ನು ಸ್ವಲ್ಪ ಎತ್ತಿದರೆ ಬಿಡುತ್ತಿತ್ತು, ಅದಕ್ಕೆ ಎತ್ತು ಎಂದ. ಲೋಕೇಶನಿಗೆ ಎಡಗಡೆಯಿಂದ ಕಂಡದ್ದು ಚೈನ್ ಮೂಲೆಗೆ ಜಾರುತ್ತಿದ್ದದ್ದು. ಅದಕ್ಕೆ ಬೇಡ ಎಂದ. ಲೋಕೇಶನಿಗೆ ಬೂಟು ಕಾಣುತ್ತಿರಲಿಲ್ಲ, ಬೋರೇಗೌಡನಿಗೆ ಚೈನ್ ಕಾಣುತ್ತಿರಲಿಲ್ಲ.

"ಚೈನ್ ಜಾರ್ತಿತ್ತಾ?" ಎಂದು ಬೋರೇಗೌಡ ಬೆರಗಾಗಿ ಲೋಕೇಶನನ್ನು ಕೇಳಿದ. "ಅಲ್ಲಲೇ, ಇಷ್ಟು ದಿನ ಯಾಕ್ ಹೇಳ್ನಿಲ್ಲ?"

"ನೀವೆಲ್ಲಿ ಕೇಳುದ್ರಿ ಅಣ್ಣ," ಎಂದ ಲೋಕೇಶ.

ಇಬ್ಬರೂ ಕಂಡದ್ದು ನಿಜವೇ. ಇಬ್ಬರ ಕೈಗಳೂ ಮಾದೇಶನನ್ನು ಉಳಿಸಲೆಂದೇ ಎದ್ದಿದ್ದವು. ಯಾರ ಕೈ ನೋಡಬೇಕೆಂದು ಮೇಸ್ತ್ರಿಯಾದ ನಾನು ಗೊತ್ತು ಮಾಡಿರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ, ಅದೂ ತಡವಾಗಿ. ಒಳ್ಳೆಯ ಆಳುಗಳು ಸೇರಿದರೆ ಒಳ್ಳೆಯ ತಂಡ ಆಗುವುದಿಲ್ಲ. ಪಕ್ಕದವನು ಈಗ ಏನು ಮಾಡುತ್ತಾನೆ, ಅವನಿಗೆ ಏನು ಕಾಣುತ್ತಿದೆ ಎಂದು ಪ್ರತಿಯೊಬ್ಬನಿಗೂ ಗೊತ್ತಿರಬೇಕು. ಹಳಬರು ಅದನ್ನು ಮರೆಯುತ್ತಾರೆ, ಹೊಸಬರಿಗೆ ಅದು ಬಂದಿರುವುದಿಲ್ಲ. ಅದಕ್ಕೇ ದಿನಾ ಬಾಯಿಬಿಟ್ಟು ಹೇಳಬೇಕು. ಯಾರಾದರೂ ತಿದ್ದಿದರೆ ಮುಖ ಕೆಡಿಸಿಕೊಳ್ಳದೆ ತಿದ್ದಿಕೊಳ್ಳಬೇಕು.

ಮಾದೇಶ ಎಲ್ಲವನ್ನೂ ಕೇಳಿಸಿಕೊಂಡು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಅಂದ್ರೆ ನಾನು ಕೈ ತೋರ್ಸಿದ್ದೆ."

"ತೋರ್ಸಿದ್ದೆ," ಎಂದೆ. "ಚೈನ್ ಸಡ್ಲ ಮಾಡು ಅಂದೆ. ಆಮ್ಯಾಕೆ ಬಗ್ದೆ. ನಾಳೆ ಅಧಿಕಾರಿಗಳ ತಾವೂ ಹೋಗಿ ಇದ್ನೇ ಹೇಳ್ತೀನಿ. ಮಾಲೀಕ್ರಿಗೂ ಹೇಳ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ."

ಬಾಗಿಲಲ್ಲಿ ನಿಂತಿದ್ದ ಸವಿತ ಮೊದಲ ಸಲ ಬಾಯಿ ತೆಗೆದಳು.

"ಏನಾಯ್ತು, ಯಂಗಾಯ್ತು ಎಲ್ಲಾ ಹೇಳುದ್ರಿ ಬಾವ. ಅವತ್ತೂ ಹೇಳುದ್ರಿ, ಇವತ್ತೂ ಹೇಳುದ್ರಿ. ಇನ್ನೊಂದ್ ಮಾತು ಇನ್ನೂ ನಿಮ್ಮ ಬಾಯಿಂದ ಬಂದಿಲ್ಲ."

ಅವಳು ಹೇಳಿದ್ದು ನಿಜ. ಎಲ್ಲವನ್ನೂ ಒಪ್ಪಿಕೊಂಡಿದ್ದೆ, ಆ ಒಂದು ಮಾತು ಬಿಟ್ಟು. ತಮ್ಮನೆದುರು ಅಣ್ಣನಾದವನು ಅದನ್ನು ಆಡುವುದನ್ನು ನಮ್ಮ ಮನೆಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಜಗಲಿಯಿಂದ ಇಳಿದು ಅವನ ಎದುರು ನೆಲದ ಮೇಲೆ ಕೂತೆ. ಹಲ್ಲು ಹೋದ ಜಾಗದಲ್ಲಿ ನಾಲಿಗೆ ತಡವರಿಸಿತು.

"ಮಾದೇಶ, ನೀನು ನನ್ನ ತಿದ್ದುದ್ದುಕ್ಕೆ ನಿನ್ ತುಟಿ ಸೀಳ್ದೆ. ನಿನ್ ಕಾಲ್ ಮ್ಯಾಲೆ ಎರಡ್ನೇ ಸತಿ ಬಂಡೆ ಬುಟ್ಟೋನು ನಾನು. ನಿನ್ ಕೈ ಮ್ಯಾಲೆ ಸುಳ್ಳು ಹೊರ್ಸಿದೋನೂ ನಾನು. ನಿನ್ ಕೈ ಯಾವತ್ತೂ ತಪ್ಪಿಲ್ಲ. ನಂದು ತಪ್ಪಾಯ್ತು ಕಣಪ್ಪ, ನನ್ನ ಕ್ಷಮಿಸ್ಬುಡು."